ಹುಡುಗರ ಬಚ್ಚಲುಮನೆಯ ನೀರು

ಆ ಬೆಳಗ್ಗೆ ಮೋಡ ಕವಿದಿತ್ತು. ಮಳೆ ತರುವ ಮೋಡವಲ್ಲ. ಒಗೆದು, ಹಿಂಡಿ, ಹರವಿದ ಬೂದು ಬಟ್ಟೆಯ ಹಾಗೆ ಆಕಾಶದ ತುಂಬ ಜೋತುಬಿದ್ದು, ಒಂದು ಹನಿಯನ್ನೂ ಕೆಳಕ್ಕೆ ಬಿಡದೆ ನಿಂತಿತ್ತು. ಗಾಳಿಯ ಸುಳಿವಿಲ್ಲ. ಬೀದಿಯ ಧೂಳು ಬಿದ್ದಲ್ಲೇ ಬಿದ್ದಿತ್ತು. ಇಂಥ ಒಣ ಬೆಳಗಿನಲ್ಲಿ, ನಾಲ್ಕು ಗೋಡೆಯ ನಡುವೆ, ಟೈಲರಮ್ಮನ ಹೊಲಿಗೆ ಕೋಣೆಯೊಳಗೆ ಹನಿ ಬಿತ್ತು.

ಟೀ ಲೋಟ ಹಿಡಿದುಕೊಂಡು ಬಾಗಿಲು ತೆಗೆದವಳು ಮೊದಲು ಆ ಸದ್ದನ್ನು ಗಡಿಯಾರದ್ದು ಅಂದುಕೊಂಡಳು. ಆಮೇಲೆ ನೋಡಿದಳು. ಗೋಡೆಯುದ್ದಕ್ಕೆ ಕಟ್ಟಿದ ಕಂಬಿಗೆ ಇಸ್ತ್ರಿ ಮಾಡಿ ತೂಗುಹಾಕಿದ್ದ ಆಸ್ಪತ್ರೆಯ ಬಿಳಿ ಅಂಗಿಗಳು, ದಾದಿಯರದ್ದು, ಅಂದೇ ಒಪ್ಪಿಸಬೇಕಾಗಿದ್ದವು. ಅವುಗಳ ಹೆಗಲ ಮೇಲೆ, ತೋಳಿನ ಮೇಲೆ, ಜೇಬಿನ ಮೇಲೆ ತುಕ್ಕಿನ ಬಣ್ಣದ ಕಲೆ. ತಲೆ ಎತ್ತಿದರೆ ಮಾಡಿನ ಗಾರೆಯಲ್ಲಿ, ಮಲಗಿದ ಎಮ್ಮೆಯ ಆಕಾರಕ್ಕೆ ತೇವ ಹರಡಿಕೊಂಡಿತ್ತು. ಎಮ್ಮೆಯ ಹೊಟ್ಟೆಯಿಂದ ಹನಿ ಮೇಲೆ ಹನಿ.

ಎಮ್ಮೆಯ ಮೇಲಕ್ಕೆ ಇದ್ದದ್ದು ಹುಡುಗರ ಬಚ್ಚಲುಮನೆ.

ಆ ಬಚ್ಚಲುಮನೆಯ ಸಂಗತಿ ಹೇಳದೆ ಮುಂದಕ್ಕೆ ಹೋದರೆ ಕಥೆಗೆ ಕಾಲು ಮುರಿದ ಹಾಗಾಗುತ್ತದೆ. ಹಾಗಾಗಿ ಹನಿ ಅಲ್ಲೇ ಬೀಳುತ್ತಿರಲಿ, ನಾವು ಸ್ವಲ್ಪ ಹಿಂದಕ್ಕೆ ಹೋಗಿ ಬರೋಣ.

ಟೈಲರಮ್ಮನಿಗೆ ಇಬ್ಬರು ಗಂಡುಮಕ್ಕಳು. ದೊಡ್ಡವನಿಗೆ ಮನೆಯಲ್ಲಿ ಇಟ್ಟ ಅಡ್ಡಹೆಸರು ಲಾಯರ್. ಹಾಲು ಕುಡಿ ಅಂದರೆ ಯಾಕೆ ಅನ್ನುವನು, ಕುಡಿಯಬೇಡ ಅಂದರೆ ಯಾವ ಕಾರಣಕ್ಕೆ ಅನ್ನುವನು. ಚಿಕ್ಕವನು ಚೆಂಡು; ಉರುಟಾಗಿದ್ದ, ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಮಹಡಿಯ ಮೇಲಿನ ಹಳೆಯ ಬಚ್ಚಲಲ್ಲಿ ಇವರಿಬ್ಬರದು ದಿನ ಬೆಳಗಾದರೆ ಮಹಾಯುದ್ಧ. ಟವೆಲ್ ಯಾರದು, ಪೇಸ್ಟು ಯಾರು ಗೋಡೆಗೆ ಹಚ್ಚಿದ್ದು, ಮಣ್ಣಿನ ಚಡ್ಡಿ ಯಾರು ಬಕೆಟ್ಟಿಗೆ ಹಾಕಿದ್ದು. ಕೊನೆಗೊಂದು ದಿನ ಚೆಂಡು ಜಾರಿ ಬಿದ್ದು ಗದ್ದ ಒಡೆದುಕೊಂಡ. ಅಂದೇ ಟೈಲರಮ್ಮ ಆ ಬಚ್ಚಲನ್ನು ಹೊಸದಾಗಿ ಮಾಡಿಸಲು ನಿಶ್ಚಯಿಸಿದಳು.

"ಗಂಡುಹುಡುಗರ ಬಚ್ಚಲಿಗೆ ಸಿಂಗಾರ ಯಾಕೇ?" ಅಂದರು ಅತ್ತೆ. "ಅಲ್ಲಿ ಯಾರದ್ದಾದರೂ ಮದುವೆ ಇದೆಯಾ?"

"ಸಿಂಗಾರ ಅಲ್ಲ ಅತ್ತೆ. ಕೈಗೆಟಕೋ ಹಾಗೆ ಇಟ್ಟರೆ ಅವೇ ಮಾಡ್ಕೊತವೆ. ಎಟುಕದ ಕಡೆ ಮೊಳೆ ಹೊಡೆದು, ಟವೆಲ್ ನೆಲಕ್ಕೆ ಹಾಕ್ತಾರೆ ಅಂತ ಬೈದ್ರೆ ಏನು ಬಂತು?"

ಗಂಡ ಬಸ್ ಡ್ರೈವರ್. ಊಟದ ತಟ್ಟೆಯಿಂದ ತಲೆ ಎತ್ತದೆ ಅಂದ, "ಮಾಡ್ಸು, ಮಾಡ್ಸು. ಬೆಳಗ್ಗೆ ಬೆಳಗ್ಗೆ ಹಾರ್ನ್ ಹೊಡೆದ ಹಾಗೆ ಕಿರುಚೋದು ನಿಂತ್ರೆ ಸಾಕು."

ಮೈದುನನಂತೂ ಎದ್ದೇ ನಿಂತ. ಅವನ ಕಸುಬೇ ಟೈಲ್ಸ್ ಹಾಕುವುದು. "ಅತ್ತಿಗೆ, ಊರೋರ ಬಚ್ಚಲಿಗೆಲ್ಲ ಹಾಕ್ತೀನಿ. ನಮ್ಮ ಹುಡುಗರಿಗೆ ಹಾಕಲ್ವಾ? ಇದು ನಂದು ಬಿಡಿ."

ಅವಳು ಈ ಮನೆಗೆ ಸೊಸೆಯಾಗಿ ಬಂದಾಗ ಮೈದುನ ಈಗಿನ ಚೆಂಡಿನಷ್ಟಿದ್ದ. ಅವನ ಮೊದಲ ಉದ್ದ ಪ್ಯಾಂಟು ಹೊಲಿದವಳು ಅವಳು. ಶಾಲೆ ತಪ್ಪಿಸಿಕೊಂಡು ಬಂದರೆ ಹೊಲಿಗೆ ಮಿಷನ್ನಿನ ಕೆಳಗೆ ಬಚ್ಚಿಟ್ಟುಕೊಂಡವಳೂ ಅವಳೇ. ಹೆತ್ತಿರಲಿಲ್ಲ ಅನ್ನುವುದನ್ನು ಬಿಟ್ಟರೆ ಅವನೇ ಅವಳ ಮೊದಲ ಮಗ.

ಹಾಗೆ ಶುರುವಾಯಿತು. ನೆಲಕ್ಕೆ ಕಾಲು ಜಾರದ ಒರಟು ಬೂದು ಟೈಲ್ಸ್. ಗೋಡೆಗೆ ಹುಡುಗರ ಎದೆಯ ಮಟ್ಟಕ್ಕೆ ನೀಲಿ, ಆ ನೀಲಿಯಲ್ಲಿ ಈಜುವ ಮೀನುಗಳು. ಬೇರೆ ಬೇರೆ ಮನೆಗಳಲ್ಲಿ ಉಳಿದ ಚೂರುಗಳನ್ನು ಒಡೆದು ಮೈದುನನೇ ಮೀನು ಜೋಡಿಸಿದ. ಒಂದು ಮೀನಿಗೆ ಕಣ್ಣು ದೊಡ್ಡದಾಗಿ, ಅದು ಅಜ್ಜಿಯ ಹಾಗೆ ಕಾಣುತ್ತದೆ ಎಂದು ಹುಡುಗರು ಬಿದ್ದು ಬಿದ್ದು ನಕ್ಕರು. ಗಂಡ ಡಿಪೋದಿಂದ ಗುಜರಿಗೆ ಹೋಗುತ್ತಿದ್ದ ಬಸ್ಸಿನ ಪಕ್ಕದ ಕನ್ನಡಿ ತಂದು ಚೆಂಡಿನ ಮುಖದ ಎತ್ತರಕ್ಕೆ ಬಿಗಿದ. ಹಳದಿ ಕೊಕ್ಕೆ ಲಾಯರಿನದು, ಹಸಿರು ಚೆಂಡಿನದು. ಟೈಲರಮ್ಮ ಅದೇ ಬಣ್ಣದ ಕುಣಿಕೆ ಹೊಲಿದು ಟವೆಲ್ಲುಗಳಿಗೆ ಹಾಕಿದಳು. ರೇನ್‌ಕೋಟಿನ ಬಟ್ಟೆಯಲ್ಲಿ ಪರದೆ. ಮೂಲೆಯ ಬುಟ್ಟಿಯ ಮೇಲೆ ಕಬ್ಬಿಣದ ಬಳೆ: ಕೊಳೆ ಬಟ್ಟೆಯನ್ನು ದೂರ ನಿಂತು ಬಳೆಯೊಳಕ್ಕೆ ಎಸೆಯಬೇಕು. ಮೊದಲ ವಾರ ಹುಡುಗರು ಎಸೆಯುವ ಆಸೆಗೆ ತೊಟ್ಟ ಒಳ್ಳೆಯ ಅಂಗಿಯನ್ನೂ ಬಿಚ್ಚಿ ಎಸೆದರು.

ಈ ಕಸುಬಿನಲ್ಲಿ ಒಂದು ಪದ್ಧತಿಯುಂಟು. ಟೈಲ್ಸ್ ಕೂರಿಸುವ ಮೊದಲು ನೆಲಕ್ಕೆ ನೀರು ಇಳಿಯದ ಲೇಪ ಬಳಿದು, ಅದು ಒಣಗಿದ ಮೇಲೆ ನೀರು ಹೋಗುವ ಬಾಯಿಗೆ ಬಟ್ಟೆಯ ಗಂಟು ತುರುಕಿ, ನಾಲ್ಕು ಬೆರಳು ನೀರು ನಿಲ್ಲಿಸುತ್ತಾರೆ. ನೀರಿನ ಮಟ್ಟಕ್ಕೆ ಗೋಡೆಯ ಮೇಲೆ ಗೆರೆ. ಒಂದು ಹಗಲು ಒಂದು ರಾತ್ರಿ ಕಳೆದು ನೋಡಿದರೆ ನೀರು ಗೆರೆಯಲ್ಲೇ ಇರಬೇಕು. ಆ ಗೆರೆಯನ್ನು ಕೆಲಸದವನು ಎಳೆಯುವುದಿಲ್ಲ, ಮನೆಯವರು ಎಳೆಯುತ್ತಾರೆ. "ಕೆಲಸದವನು ಎಳೆದ ಗೆರೆ ಕೆಲಸದವನ ಮಾತನ್ನೇ ಕೇಳುತ್ತೆ ಅತ್ತಿಗೆ," ಎಂದು ಮೈದುನನೇ ಹಿಂದೊಮ್ಮೆ, ಅವಳು ಬುತ್ತಿ ಕೊಡಲು ಹೋದಾಗ, ಯಾರದೋ ಮನೆಯಲ್ಲಿ ನೀರು ನಿಲ್ಲಿಸಿ ತೋರಿಸಿದ್ದ.

"ನಮ್ಮನೇದು ನಿಲ್ಲಿಸಿ ನೋಡಿದ್ಯೇನಪ್ಪಾ?" ಎಂದು ಅವಳು ಕೇಳಿದ್ದುಂಟು.

"ಆಯ್ತಲ್ಲ ಅತ್ತಿಗೆ. ನೀವು ಬಟ್ಟೆ ತರೋಕೆ ಹೋಗಿದ್ರಲ್ಲ, ಅವತ್ತು."

ಅವಳು ಮತ್ತೆ ಕೇಳಲಿಲ್ಲ. ಎದೆ, ಸೊಂಟ, ತೋಳು ಎಲ್ಲವನ್ನೂ ಅಳೆಯುವ ಟೇಪು ಅವಳ ಕೊರಳಲ್ಲೇ ಇರುತ್ತಿತ್ತು. ಮನೆಯವರ ಮಾತನ್ನು ಅಳೆಯುವ ಟೇಪು ಯಾವ ದರ್ಜಿಯ ಹತ್ತಿರ ತಾನೇ ಇದೆ?

ಈಗ ಹನಿ ಬೀಳುತ್ತಿರುವಲ್ಲಿಗೆ ಮರಳೋಣ.

ಅವಳ ಕೂಗಿಗೆ ಮನೆಯವರೆಲ್ಲ ಓಡಿಬಂದರು. ಗಂಡ ಅಂಗಿಗಳನ್ನು ಕಂಬಿಯಿಂದ ಎಳೆದು ಮಂಚದ ಮೇಲೆ ಹಾಕಿದ. ಮೈದುನ ಮಾಡನ್ನು ಒಂದು ಸಲ ನೋಡಿದವನೇ ಮೆಟ್ಟಿಲು ಹತ್ತಿ ಮೇಲೆ ಹೋದ. ಅತ್ತೆ ಅವನ ಹಿಂದೆ ಹೋದರು. ಇಬ್ಬರೂ ಇಳಿದು ಬರಲು ಹೊತ್ತಾಯಿತು. ಬರುವಾಗ ಮೈದುನನ ಮುಖ ಸುಣ್ಣದ ಗೋಡೆಯಂತಿತ್ತು.

"ಏನಪ್ಪಾ, ಏನಾಗಿದೆ ಮೇಲೆ?"

ಅವನು ಬಾಯಿ ತೆರೆಯುವ ಮೊದಲೇ ಅತ್ತೆ ಅಂದರು, "ಇನ್ನೇನು, ನಿನ್ನ ಸುಪುತ್ರರು ನಲ್ಲಿ ಬಿಟ್ಟಿದ್ದಾರೆ. ರಾತ್ರಿಯೆಲ್ಲ ಹರಿದು ಹೊಸಿಲು ದಾಟಿ ಗೋಡೆ ಸಂದಿಗೆ ಇಳಿದಿದೆ."

ರಾತ್ರಿ ಕೊನೆಗೆ ಸ್ನಾನ ಮಾಡಿದವನು ಲಾಯರ್. ಶಾಲೆಯ ಚೀಲ ಬೆನ್ನಿಗೇರಿಸಿಕೊಂಡು ಬಾಗಿಲಲ್ಲಿ ನಿಂತಿದ್ದ.

"ನಲ್ಲಿ ಬಿಟ್ಯೇನೋ?"

"ಮುಚ್ಚಿದ್ದೆ ಅಮ್ಮ."

"ನಿಜ ಹೇಳು."

"ಮುಚ್ಚಿದ್ದೆ. ಬೇಕಾದ್ರೆ ನೋಡು ಹೋಗಿ, ಈಗ್ಲೂ ಮುಚ್ಚೇ ಇದೆ. ಬಿಟ್ಟಿದ್ರೆ ಇನ್ನೂ ಹರೀತಾ ಇರ್ಬೇಕಿತ್ತಲ್ವಾ?"

ವಾದವೇನೋ ಸರಿಯಾಗಿತ್ತು. ಟೈಲರಮ್ಮ ಅರೆಗಳಿಗೆ ತಡೆದಳು. ಆಗ ಅತ್ತೆ, ಕಿರಿಮಗನ ಮುಖವನ್ನೂ ಸೊಸೆಯ ಮುಖವನ್ನೂ ನೋಡದೆ, ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಅಂದರು: "ನಾನೇ ಬೆಳಗ್ಗೆ ಎದ್ದಾಗ ಮುಚ್ಚಿದ್ದು. ಜೋರಾಗಿ ಹರೀತಿತ್ತು."

ಅಜ್ಜಿ ಸುಳ್ಳು ಹೇಳುತ್ತಾರೆಯೇ? ದಿನಕ್ಕೆ ಎರಡು ಹೊತ್ತು ದೇವರನ್ನು ನೆನೆಯುವ ಬಾಯಿ ಅದು. ಟೈಲರಮ್ಮನ ಕಣ್ಣಿಗೆ ಆ ಹಾಳಾದ ಬಿಳಿ ಅಂಗಿಗಳು ಮಾತ್ರ ಕಂಡವು. ಕೈ ತಾನಾಗಿ ಎದ್ದಿತು. ಏಟು ಬಿದ್ದ ಸದ್ದಿಗೆ ಚೆಂಡು ಅತ್ತ, ಹೊಡೆಸಿಕೊಂಡವನು ಅಳಲಿಲ್ಲ. ಕೆನ್ನೆ ಹಿಡಿದುಕೊಂಡು, ಯಾರಿಗೂ ಅಲ್ಲದ ಹಾಗೆ, "ಮುಚ್ಚಿದ್ದೆ," ಅಂದು ಶಾಲೆಗೆ ಹೋದ.

ಮಧ್ಯಾಹ್ನ ಹೆಡ್ ನರ್ಸ್ ಬಂದರು. ಅಂಗಿಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದರು. ಟೈಲರಮ್ಮ ಮುಚ್ಚುಮರೆ ಮಾಡಲಿಲ್ಲ.

"ನನ್ನ ಮಗ ನಲ್ಲಿ ಬಿಟ್ಟಿದ್ದ ಮೇಡಂ. ತಪ್ಪು ನಮ್ಮದೇ. ಹಾಳಾದದ್ದನ್ನೆಲ್ಲ ನನ್ನ ಬಟ್ಟೇಲೇ ಮತ್ತೆ ಹೊಲಿದು ಕೊಡ್ತೀನಿ."

"ಹೊಲಿದು ಕೊಡಿ. ಆದ್ರೆ ಮುಂದಿನ ಆರ್ಡರ್ ಬೇರೆ ಕಡೆ ಕೊಡ್ತೀನಮ್ಮ. ಕೋಪ ಅಲ್ಲ. ಆಸ್ಪತ್ರೆ ಬಟ್ಟೆ ಮಕ್ಕಳು ಆಡೋ ಜಾಗದಲ್ಲಿ ಇರಬಾರದು." ಹೋಗುತ್ತ ಬಾಗಿಲಲ್ಲಿ ನಿಂತಿದ್ದ ಮೈದುನನ ಕಡೆ ತಿರುಗಿ ಅಂದರು, "ಹೊಸ ವಾರ್ಡಿನ ಬಚ್ಚಲುಗಳಿಗೆ ನಿಮ್ಮ ಹೆಸರು ಹೇಳಿದೀನಪ್ಪ. ಇಂಜಿನಿಯರ್ ಕರೀತಾರೆ."

ಮೈದುನ ಕೈ ಮುಗಿದ. ಟೈಲರಮ್ಮನಿಗೆ ಅಷ್ಟು ನೋವಿನಲ್ಲೂ ಒಂದು ಸಮಾಧಾನ: ನನ್ನದು ಹೋದರೂ ಇವನದು ಬಂತಲ್ಲ.

ಬಚ್ಚಲುಮನೆಗೆ ಬೀಗ ಬಿತ್ತು. ಬೀಗದ ಕೈ ಅತ್ತೆಯ ಸೊಂಟಕ್ಕೆ ಹೋಯಿತು. ಹುಡುಗರಿಗೆ ಹಿತ್ತಿಲಿನ ನಲ್ಲಿಯೇ ಗತಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ. ಮೊದಲ ದಿನ ಚೆಂಡು ಗೋಳಾಡಿದ. "ಅಣ್ಣ ಬಿಟ್ಟಿದ್ದಕ್ಕೆ ನನಗೂ ಯಾಕೆ?" ಲಾಯರ್ ಅವನನ್ನು ನೋಡಿದ ಅಷ್ಟೇ. ಹಿಂದಿನ ಲಾಯರ್ ಆಗಿದ್ದರೆ ಆ ಒಂದು ಮಾತಿಗೆ ಊಟದ ಹೊತ್ತಿನವರೆಗೂ ವಾದ ಹೂಡುತ್ತಿದ್ದ. ಈಗ ಹಾಲು ಕುಡಿ ಅಂದರೆ ಕುಡಿದ. ಓದು ಅಂದರೆ ಓದಿದ. ಮನೆ ತಣ್ಣಗಾಯಿತು.

"ನೋಡಿದ್ಯಾ," ಅಂದರು ಅತ್ತೆ, ರೊಟ್ಟಿ ತಟ್ಟೆಗೆ ಹಾಕುತ್ತ. "ಒಂದೇಟಿಗೆ ಬುದ್ಧಿ ಬಂತು."

ಟೈಲರಮ್ಮ ಅಂಗಿಗಳನ್ನು ಮತ್ತೆ ಕತ್ತರಿಸಿ ಮತ್ತೆ ಹೊಲಿಯುತ್ತಿದ್ದಳು. ಹಿಂದೆ ಲಾಯರ್ ಶಾಲೆಯಿಂದ ಬಂದವನೇ ಅವಳ ಪಕ್ಕ ಕುಳಿತು ಬಟನ್ ಎಣಿಸಿಕೊಡುತ್ತಿದ್ದ. ಈಗ ಬಟನ್ ಡಬ್ಬಿ ಮುಂದಿಟ್ಟು, ಕೇಳಿದಷ್ಟು ತೆಗೆದಿಟ್ಟು ಎದ್ದುಹೋಗುತ್ತಿದ್ದ.

ಒಂದೆರಡು ವಾರ ಕಳೆದಿರಬೇಕು. ನೆಲದ ಮೇಲೆ ಅಂಗಾತ ಮಲಗಿದ್ದ ಚೆಂಡು ಮಾಡನ್ನು ನೋಡುತ್ತ ಅಂದ, "ಅಮ್ಮ, ಎಮ್ಮೆ ದಪ್ಪ ಆಗಿದೆ."

"ಯಾವ ಎಮ್ಮೆಯೋ?"

"ಅದೇ, ಮೇಲಿರೋದು. ಗಬ್ಬ ಆಗಿರ್ಬೇಕು."

ಅವಳು ನಕ್ಕು ತಲೆಯೆತ್ತಿದಳು. ನಗು ಅಲ್ಲೇ ನಿಂತಿತು. ಒಣಗಿ ಮಾಸಿದ್ದ ಕಲೆಯ ಅಂಚಿಗೆ ಹೊಸ ತೇವ ಬಂದಿತ್ತು. ಬೀಗ ಹಾಕಿದ ಬಚ್ಚಲು. ಹುಡುಗರು ಒಳಗೆ ಕಾಲಿಟ್ಟಿಲ್ಲ. ಸ್ಟೂಲು ಹತ್ತಿ, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಕಲೆಯ ಸುತ್ತ ಗೆರೆ ಎಳೆದಳು. ಮರುದಿನ ಬೆಳಗ್ಗೆ ಗಂಡ ರಾತ್ರಿ ಪಾಳಿ ಮುಗಿಸಿ ಬಂದು, ಅವ್ವನ ಹತ್ತಿರ ಬೀಗದ ಕೈ ಇಸಕೊಂಡು, ಮೇಲೆ ಸ್ನಾನಕ್ಕೆ ಹೋದದ್ದು ಕಿವಿಗೆ ಬಿತ್ತು. ಅವನು ತಲೆ ಒರೆಸಿಕೊಂಡು ಇಳಿದು ಬರುವ ಹೊತ್ತಿಗೆ ಕಲೆ ಗೆರೆಯನ್ನು ದಾಟಿತ್ತು.

"ನಲ್ಲಿ ಸರಿಯಾಗಿ ಮುಚ್ಚಿದ್ರಾ?" ಎಂದು ಕೇಳಿದಳು.

"ನಾನೇನು ಚಿಕ್ಕ ಹುಡುಗನಾ?" ಅಂದು ಅವನು ತಿಂಡಿಗೆ ಕುಳಿತ.

ಹುಡುಗರು ಶಾಲೆಗೆ, ಮೈದುನ ಕೆಲಸಕ್ಕೆ ಹೋದರು. ಗಂಡ ಮಲಗಿದ. ಅತ್ತೆ ಪಕ್ಕದ ಮನೆಗೆ ಹೊರಟಾಗ, "ಬಚ್ಚಲು ಒರೆಸ್ತೀನಿ ಅತ್ತೆ, ಬೀಗದ ಕೈ ಕೊಡಿ," ಅಂದಳು. ಅತ್ತೆ ಒಂದು ಕ್ಷಣ ತಡೆದು ಕೊಟ್ಟರು.

ಚಿಂದಿ ಬಟ್ಟೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಕಟ್ಟಿ ನೀರು ಹೋಗುವ ಬಾಯಿಗೆ ತುರುಕಿದಳು. ನಾಲ್ಕು ಬೆರಳು ನೀರು ನಿಲ್ಲಿಸಿದಳು. ನಲ್ಲಿ ತಿರುಗಿಸಿ ಮುಚ್ಚಿ, ಅದರ ಬಾಯಿಗೆ ಒಣ ಬಟ್ಟೆ ಕಟ್ಟಿದಳು, ಒಂದು ತೊಟ್ಟು ಜಿನುಗಿದರೂ ಗೊತ್ತಾಗಲೆಂದು. ನೀಲಿ ಟೈಲ್ಸಿನ ಮೇಲೆ, ಅಜ್ಜಿಯ ಕಣ್ಣಿನ ಮೀನಿನ ಕೆಳಗೆ, ಗೆರೆ ಎಳೆದಳು. ಆಮೇಲೆ ಕೆಳಗೆ ಬಂದು ಹೊಲಿಗೆಗೆ ಕುಳಿತಳು. ದೇವರೇ, ಗೆರೆ ಅಲ್ಲೇ ಇರಲಿ ಎಂದು ಬೇಡಿಕೊಂಡಳು. ಮಗ ಸುಳ್ಳುಗಾರನಾಗಲಿ ಎಂದು ತಾಯಿ ಬೇಡಿಕೊಂಡ ಹಾಗೆ ಅದು, ಎಂದು ಅವಳಿಗೆ ಆಗ ಹೊಳೆಯಲಿಲ್ಲ.

ಒಂದು ಕಾಲರ್ ಮುಗಿಯಿತು. ಎರಡನೆಯದರ ಅರ್ಧಕ್ಕೆ ಮಿಷನ್ನಿನ ಹಲಗೆಯ ಮೇಲೆ ಟಪ್ ಎಂದಿತು.

ಮೇಲೆ ಹೋಗಿ ನೋಡಿದಳು. ನಲ್ಲಿಯ ಬಾಯಿಯ ಬಟ್ಟೆ ಕಟ್ಟಿದಾಗಿನ ಹಾಗೇ ಒಣಗಿಯೇ ಇತ್ತು. ನೀರು ಗೆರೆಯಿಂದ ಒಂದು ಬೆರಳು ಇಳಿದಿತ್ತು. ಹೊಸಿಲು ದಾಟಿರಲಿಲ್ಲ, ಗೋಡೆ ಸಂದಿಗೆ ಹೋಗಿರಲಿಲ್ಲ. ನೆಲವೇ ಕುಡಿದಿತ್ತು. ಬಸ್ಸಿನ ಕನ್ನಡಿಯಲ್ಲಿ ಅವಳ ಮುಖ ಅಗಲವಾಗಿ, ದೂರದಲ್ಲಿ ಕಂಡಿತು. ಅವಳು ಹಳದಿ ಕೊಕ್ಕೆ ಹಿಡಿದುಕೊಂಡು ಸ್ವಲ್ಪ ಹೊತ್ತು ಅಲ್ಲೇ ನಿಂತಳು.

ಸಂಜೆ ಹುಡುಗರಿಗೆ ಮೊದಲು ಊಟ ಹಾಕಿ, ಬೀದಿಗೆ ಆಡಲು ಕಳಿಸಿದಳು. ದೊಡ್ಡವರು ಕುಳಿತಾಗ ಅನ್ನ ಬಡಿಸಿದಳು, ಬೇಳೆ ಬಡಿಸಿದಳು. ನಿಂತೇ ಅಂದಳು:

"ಬಚ್ಚಲಲ್ಲಿ ಇವತ್ತು ನೀರು ನಿಲ್ಲಿಸಿ ನೋಡ್ದೆ."

ಮೂರು ಕೈಗಳು ಮೂರು ತಟ್ಟೆಗಳಲ್ಲಿ ನಿಂತವು. ಆ ನಿಂತದ್ದನ್ನು ಕಂಡೇ ಅವಳಿಗೆ ಅರ್ಥವಾಯಿತು. ಒಂದು ಕೈ ನಿಂತಿದ್ದರೆ ಒಬ್ಬನ ತಪ್ಪು ಅನ್ನಬಹುದಿತ್ತು.

"ನಿಮಗೆಲ್ಲ ಗೊತ್ತಿತ್ತು," ಅಂದಳು.

"ಅತ್ತಿಗೆ…" ಮೈದುನ ತಲೆ ತಗ್ಗಿಸಿದ. "ಲೇಪ ಒಣಗೋ ದಿನಾನೇ ಲಾಡ್ಜಿನ ಕೆಲಸಕ್ಕೆ ಕರೆ ಬಂತು. ನೀರು ನಿಲ್ಲಿಸ್ತಾ ಕೂತಿದ್ರೆ ಆ ಕೆಲಸ ಬೇರೆಯವನಿಗೆ ಹೋಗ್ತಿತ್ತು. ನಮ್ಮನೇದಲ್ವಾ, ಏನಾಗುತ್ತೆ ಅಂತ ಟೈಲ್ಸ್ ಕೂರಿಸ್ಬಿಟ್ಟೆ."

"ಊರೋರ ಮನೆಗೆ ನಿಲ್ಲಿಸ್ತೀಯ. ನಮ್ಮನೇದು ಅಂತ ಬಿಟ್ಟೆ."

"ತಪ್ಪಾಯ್ತು."

"ಅದು ಕೆಲಸದ ತಪ್ಪು. ಅದನ್ನ ಕೇಳ್ತಿಲ್ಲ ನಾನು." ಅವಳು ಅತ್ತೆಯ ಕಡೆ ತಿರುಗಿದಳು. "ನಲ್ಲಿ ಹರೀತಿತ್ತು, ನಾನೇ ಮುಚ್ಚಿದೆ ಅಂದ್ರಲ್ಲ ಅತ್ತೆ?"

ಅತ್ತೆ ಅನ್ನ ಕಲಸುತ್ತಲೇ ಇದ್ದರು. "ಅವನ ಹೊಟ್ಟೆಪಾಡು ಕಣೇ. ಸ್ವಂತ ಮನೆ ಸೋರುತ್ತೆ ಅಂತ ಆ ನರ್ಸಮ್ಮನ ಕಿವಿಗೆ ಬಿದ್ದಿದ್ರೆ ಆಸ್ಪತ್ರೆ ಕೆಲಸ ಕೊಡ್ತಿದ್ಲಾ? ಮಕ್ಕಳ ಮೇಲೆ ಹಾಕಿದ್ರೆ ಏನು ಹೋಗುತ್ತೆ? ಮಕ್ಕಳು ಅಂದ್ಮೇಲೆ ನಲ್ಲಿ ಬಿಡ್ತಾವೆ, ಜನ ನಗ್ತಾರೆ, ಮರೀತಾರೆ."

"ನೀವು?" ಎಂದಳು ಗಂಡನಿಗೆ.

"ಅವತ್ತು ಮಧ್ಯಾಹ್ನ ಹೇಳಿದ್ರು ನನಗೆ. ಅಷ್ಟೊತ್ತಿಗೆ ನೀನು ನರ್ಸಮ್ಮಂಗೆ ಹೇಳಿಯಾಗಿತ್ತು."

"ಸಂಜೆ ನನಗೆ ಹೇಳ್ಬಹುದಿತ್ತು."

"ಹೇಳಿದ್ರೆ ನೀನು ಸುಮ್ನಿರ್ತಿದ್ಯಾ? ಚಪ್ಪಲಿ ಮೆಟ್ಕೊಂಡು ಆಸ್ಪತ್ರೆಗೇ ಹೋಗಿ ಹೇಳ್ಬಿಡ್ತಿದ್ದೆ. ನಿನ್ನ ಬಾಯಲ್ಲಿ ಸುಳ್ಳು ನಿಲ್ಲಲ್ಲ, ನಮಗೆ ಗೊತ್ತಿಲ್ವಾ? ಸ್ವಲ್ಪ ದಿನ ಹೋಗ್ಲಿ, ಸದ್ದಿಲ್ಲದೆ ರಿಪೇರಿ ಮಾಡಿಸೋಣ ಅಂತಿದ್ದೆ. ಅಲ್ಲಿವರೆಗೆ ನನ್ನ ಎರಡು ಬಕೆಟ್ ನೀರಿಗೆ ಏನಾಗುತ್ತೆ ಅಂದ್ಕೊಂಡೆ. ಮನೆ ಮಾನ ಅಂತ ಒಂದಿರುತ್ತೆ."

ಕಳ್ಳತನ ಮಾಡಿದವಳಾಗಿದ್ದರೆ ನಂಬುತ್ತಿದ್ದರೇನೋ. ನಿಜ ಹೇಳುತ್ತಾಳೆಂದು ಅವಳನ್ನು ಹೊರಗಿಟ್ಟಿದ್ದರು. ಒಂದೇ ಮಾಡಿನ ಕೆಳಗೆ, ಒಂದೇ ಪಾತ್ರೆಯ ಅನ್ನ ಉಂಡುಕೊಂಡು, ಮೂವರೂ ದಿನಾ ಅವಳ ಮುಖ ನೋಡಿ ಮಾತಾಡಿದ್ದರು; ಉಪ್ಪು ಸರಿಯಿದೆ ಅಂದಿದ್ದರು, ಹೊಲಿಗೆ ಎಲ್ಲಿಗೆ ಬಂತು ಎಂದು ಕೇಳಿದ್ದರು. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ.

"ನನ್ನ ಆರ್ಡರ್ ಹೋಯ್ತು. ಹೋಗ್ಲಿ," ಅಂದಳು. "ನರ್ಸಮ್ಮಂಗೆ ನಾನು ಹೇಳಲ್ಲ. ಅದು ನಿಮ್ಮ ಬಾಯಿ, ನಿಮ್ಮ ಮನಸ್ಸು. ಆದ್ರೆ ಆ ಹುಡುಗನಿಗೆ ನೀವೇ ಹೇಳಿ. ನನ್ನ ಕೈಲಿ ಹೊಡೆಸಿದ್ರಿ ಅವನಿಗೆ."

"ಆಹಾ," ಅಂದರು ಅತ್ತೆ. "ಮೊಮ್ಮಗನ ಕಾಲು ಹಿಡೀಬೇಕೇನು ನಾನು? ತಾಯಿ ಹೊಡೆದ ಏಟು ಏಟೇನೇ? ಅವನಾಗ್ಲೇ ಮರೆತಿರ್ತಾನೆ."

"ಮರೆತಿಲ್ಲ ಅತ್ತೆ. ಮರೆತಿದ್ರೆ ಇಷ್ಟೊತ್ತಿಗೆ ನಿಮ್ಮ ತಲೆ ತಿಂದಿರ್ತಿದ್ದ."

ಗಂಡ ಎದ್ದು ಕೈ ತೊಳೆದ. ಅಲ್ಲಿಗೆ ಮಾತು ಮುಗಿಯಿತು, ಜಗಳ ಮುಗಿಯಲಿಲ್ಲ.

ಮುಂದಿನ ದಿನಗಳಲ್ಲಿ ಆ ಮನೆಯಲ್ಲಿ ಪಾತ್ರೆಗಳು ಮಾತ್ರ ಮಾತಾಡಿದವು. ಟೈಲರಮ್ಮ ಅಡುಗೆ ನಿಲ್ಲಿಸಲಿಲ್ಲ, ಬಡಿಸುವುದನ್ನೂ ನಿಲ್ಲಿಸಲಿಲ್ಲ. ಆದರೆ ಅವರ ಜೊತೆ ಕೂರುವುದನ್ನು ಬಿಟ್ಟಳು. ತಟ್ಟೆ ಹಿಡಿದು ಹೊಲಿಗೆ ಕೋಣೆಗೆ ಹೋಗಿ, ಮಿಷನ್ನಿನ ಹಲಗೆಯ ಮೇಲೆ ಇಟ್ಟುಕೊಂಡು ಉಣ್ಣುತ್ತಿದ್ದಳು. ಗಂಡನ ಖಾಕಿ ಅಂಗಿ ಒಗೆದು ಇಸ್ತ್ರಿ ಮಾಡಿ ಇಡುತ್ತಿದ್ದಳು; ಇವತ್ತು ಯಾವ ರೂಟು ಎಂದು ಕೇಳುತ್ತಿರಲಿಲ್ಲ. ಹಿಂದೆ ಕೇಳುತ್ತಿದ್ದುದು ಅವನ ಗಮನಕ್ಕೇ ಬಂದಿರಲಿಲ್ಲ. ಕೇಳದಿದ್ದಾಗ ಬಂತು.

"ಇವತ್ತು ರೈಲ್ವೆ ಸ್ಟೇಷನ್ ರೂಟು," ಅಂದ ಒಂದು ದಿನ ತಾನಾಗಿ.

"ಬುತ್ತಿ ಮೇಜಿನ ಮೇಲಿದೆ," ಅಂದಳು.

ಅವಳೇ ಮಗನಿಗೆ ಹೇಳಿಬಿಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಅವಳೂ ಎಷ್ಟೋ ಸಲ ಬಾಯಿಯವರೆಗೆ ತಂದುಕೊಂಡಳು. ಹೇಳಿದರೆ ನಿನ್ನ ಅಜ್ಜಿ ಸುಳ್ಳು, ನಿನ್ನ ಅಪ್ಪ ಸುಳ್ಳು, ನಿನ್ನ ಚಿಕ್ಕಪ್ಪ ಸುಳ್ಳು ಎಂದು ಹೇಳಬೇಕು. ಆ ಮೂವರನ್ನೂ ಒಂದೇ ಏಟಿಗೆ ಅವನಿಂದ ಕಿತ್ತುಕೊಳ್ಳಲು ಅವಳ ಕೈ ಬರಲಿಲ್ಲ. ಅವರ ಬಾಯಿಂದಲೇ ಬಂದರೆ ಅವರು ಅವನಿಗೆ ಉಳಿಯುತ್ತಾರೆ ಎಂದು ಕಾದಳು. ಕಾದಷ್ಟು ದಿನವೂ ತಾನೂ ನಾಲ್ಕನೆಯವಳಾಗುತ್ತಿದ್ದೇನೆ ಎಂಬ ಕಸಿವಿಸಿ, ಬೆರಳಿಗೆ ಸೂಜಿ ಚುಚ್ಚಿಕೊಂಡ ಹಾಗೆ, ಇದ್ದೇ ಇತ್ತು.

ಒಂದು ಸಂಜೆ ಮೈದುನ ಹುಡುಗರ ಜೊತೆ ಊಟಕ್ಕೆ ಕುಳಿತ. ಮೊಟ್ಟೆ ಸುಲಿದು ಲಾಯರಿನ ತಟ್ಟೆಗೆ ಹಾಕುತ್ತ, ಹಳೆಯ ಸಲಿಗೆಯಿಂದ ಅಂದ, "ಏನಪ್ಪಾ ಲಾಯರ್ ಸಾಹೇಬ್ರೇ, ಈಗೀಗ ಕೇಸೇ ಇಲ್ವಾ? ಕೋರ್ಟಿಗೆ ರಜವಾ?"

"ಸುಳ್ಳುಗಾರನ ವಾದ ಯಾರು ಕೇಳ್ತಾರೆ ಚಿಕ್ಕಪ್ಪ," ಅಂದ ಹುಡುಗ. ಕೋಪವಿರಲಿಲ್ಲ. ನಾಳೆ ಗಣಿತದ ಪರೀಕ್ಷೆ ಇದೆ ಅನ್ನುವ ಹಾಗೆ ಅಂದ. ಮೊಟ್ಟೆಯನ್ನು ಎರಡು ಹೋಳು ಮಾಡಿ ಅರ್ಧ ತಮ್ಮನಿಗೆ ಕೊಟ್ಟ.

ಮೈದುನ ತಟ್ಟೆಯಲ್ಲಿ ಅನ್ನ ಬಿಟ್ಟು ಎದ್ದ. "ಊಟ ಯಾಕೋ ಬಿಟ್ಟೆ?" ಎಂದು ಅವನ ತಾಯಿ ಕೂಗಿದರೂ ತಿರುಗಲಿಲ್ಲ.

ಮುಂದಿನ ಭಾನುವಾರ ಬೆಳಗ್ಗೆ ಮಹಡಿಯಲ್ಲಿ ಸುತ್ತಿಗೆ ಸದ್ದು. ಟೈಲರಮ್ಮ ಮೇಲೆ ಹೋದಾಗ ಮೈದುನ ಮಂಡಿಯೂರಿ, ತಾನೇ ಕೂರಿಸಿದ ಬೂದು ಟೈಲ್ಸನ್ನು ಉಳಿಯಿಂದ ಎಬ್ಬಿಸುತ್ತಿದ್ದ. ಗೋಡೆಯ ಮೀನುಗಳಿಗೆ ಹಳೆಯ ಸೀರೆ ಹೊದಿಸಿದ್ದ. ಹುಡುಗರಿಬ್ಬರೂ ಬಾಗಿಲಲ್ಲಿ ನಿಂತಿದ್ದರು. ಅತ್ತೆ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದರು.

"ಯಾಕೋ ಒಡೀತಿದೀಯ? ಬೀದಿಗೆಲ್ಲ ಕೇಳುತ್ತೆ!"

"ಕೇಳ್ಲಿ ಅವ್ವ." ಅವನು ಸುತ್ತಿಗೆ ಕೆಳಗಿಟ್ಟ. ದೊಡ್ಡ ಹುಡುಗನ ಕಡೆ ನೋಡಿದ. ಕಣ್ಣು ನಿಲ್ಲಲಿಲ್ಲ, ಉಳಿಯ ಕಡೆ ನೋಡಿದ. "ನೆಲ ಸೋರ್ತಿತ್ತು ಕಣೋ. ನಾನು ನೀರು ನಿಲ್ಲಿಸಿ ನೋಡದೆ ಟೈಲ್ಸ್ ಹಾಕಿದ್ದೆ. ನೀನು ನಲ್ಲಿ ಬಿಟ್ಟಿರ್ಲಿಲ್ಲ. ನನಗೆ ಅವತ್ತೇ ಗೊತ್ತಾಯ್ತು. ಹೇಳ್ಲಿಲ್ಲ."

ಚೆಂಡು ಕಣ್ಣರಳಿಸಿದ. "ಅಜ್ಜಿ ಮುಚ್ಚಿದ್ದು?"

ಅಜ್ಜಿ ಮುಖ ತಿರುಗಿಸಿ, "ಒಲೆ ಮೇಲೆ ಹಾಲಿದೆ," ಎಂದು ಮೆಟ್ಟಿಲಿಳಿದರು. ಅವರಿಂದ ಅಷ್ಟೇ ಬಂದದ್ದು. ಅದಕ್ಕಿಂತ ಹೆಚ್ಚಿನದು ಆ ದಿನವೂ ಬರಲಿಲ್ಲ, ಮುಂದೆಯೂ ಬರಲಿಲ್ಲ. ಕೆಳಗೆ ಗಂಡ ರೇಡಿಯೋ ಜೋರು ಮಾಡಿದ. ಆಸ್ಪತ್ರೆಯ ಇಂಜಿನಿಯರ್ ಆ ವಾರ ಕರೆದಾಗ ಮೈದುನ ಏನು ಹೇಳಿದ, ಏನು ಹೇಳಲಿಲ್ಲ ಎಂಬುದನ್ನು ಟೈಲರಮ್ಮ ಕೇಳಲಿಲ್ಲ. ಕೇಳಿ ಉತ್ತರವನ್ನು ನಂಬಬೇಕಾದ ಕಷ್ಟ ಅವಳಿಗೆ ಬೇಡವಾಗಿತ್ತು.

ಲಾಯರ್ ಮಾತ್ರ ಒಡೆದ ಟೈಲ್ಸಿನ ಕಡೆ ಬಹಳ ಹೊತ್ತು ನೋಡಿದ. ಸಾಕ್ಷಿ ಪರಿಶೀಲಿಸುವವನ ಹಾಗೆ ಬಗ್ಗಿ, ಒಂದು ಚೂರು ಎತ್ತಿ, ಅದರ ಅಡಿಯ ತೇವವನ್ನು ಬೆರಳಿಂದ ಮುಟ್ಟಿದ. ನಂತರ ಚೂರನ್ನು ಇದ್ದಲ್ಲೇ ಇಟ್ಟು, ತಾಯಿಯ ಪಕ್ಕದಿಂದ, ಅವಳನ್ನು ಮುಟ್ಟದ ಹಾಗೆ, ಕೆಳಗಿಳಿದು ಹೋದ.

ಅವಳಿಗೆ ಆ ಮುಟ್ಟದಿರುವುದು ತಟ್ಟಿತು. ಮೂವರ ಮೇಲೆ ಇಟ್ಟುಕೊಂಡಿದ್ದ ಸಿಟ್ಟನ್ನು ಅವಳು ಇಷ್ಟು ದಿನ ಎರಡೂ ಕೈಯಲ್ಲಿ ಹಿಡಿದಿದ್ದಳು. ಹಾಗೆ ಹಿಡಿದಿದ್ದ ಕೈಯೇ ಹುಡುಗನ ಕೆನ್ನೆಗೆ ಬಿದ್ದದ್ದು. ಅಜ್ಜಿ ಸುಳ್ಳು ಹೇಳಿದರು, ನಿಜ. ಆದರೆ ಯಾರ ಮಾತು ನಂಬಬೇಕು ಎಂದು ಆರಿಸಿಕೊಂಡವಳು ಅವಳೇ.

ಕೆಳಗೆ ಬಂದಳು. ಹಿತ್ತಿಲಲ್ಲಿ ಬಿಸಿಲು ಏರುತ್ತಿತ್ತು. ಲಾಯರ್ ಚಡ್ಡಿಯಲ್ಲಿ, ಒಗೆಯುವ ಕಲ್ಲಿನ ಪಕ್ಕ ಕುಕ್ಕರುಗಾಲಲ್ಲಿ ಕುಳಿತು ತಲೆಗೆ ಸೋಪು ಹಚ್ಚಿಕೊಳ್ಳುತ್ತಿದ್ದ. ಮೂಳೆ ಎಣಿಸಬಹುದಾದ ಬೆನ್ನು. ಕೈ ಬೆನ್ನಿಗೆ ಎಟುಕದೆ ಅಲ್ಲೆಲ್ಲ ಒಣಗಿಯೇ ಇತ್ತು. ಟೈಲರಮ್ಮ ಸೀರೆ ಮೇಲೆತ್ತಿ ಕಲ್ಲಿನ ಮೇಲೆ ಕುಳಿತಳು. ಸೋಪು ಅವನ ಕೈಯಿಂದ ತೆಗೆದುಕೊಂಡು ಬೆನ್ನಿಗೆ ಹಚ್ಚಿದಳು. ಅವನು ಬೇಡವೆನ್ನಲಿಲ್ಲ, ಬೆನ್ನನ್ನು ಅವಳ ಕಡೆ ಸರಿಸಲೂ ಇಲ್ಲ.

"ನಲ್ಲಿ ನೀನು ಮುಚ್ಚಿದ್ದೆ," ಅಂದಳು. "ನೀನು ಹೇಳ್ದೆ. ನಾನು ಕೇಳ್ಲಿಲ್ಲ."

ನೊರೆ ಕಣ್ಣಿಗೆ ಇಳಿಯುತ್ತದೆಂದು ಅವನು ಕಣ್ಣು ಮುಚ್ಚಿಕೊಂಡಿದ್ದ.

"'ನಿಜವಾಗ್ಲೂ ಹರೀತಿತ್ತಾ' ಅಂತ ಅಜ್ಜೀನ ಕೇಳ್ಲೂ ಇಲ್ಲ ನೀನು."

"ಇಲ್ಲ. ಕೇಳ್ಬೇಕಿತ್ತು."

"ನಾನು ಎರಡು ಸಲ ಹೇಳಿದ್ದೆ."

"ಹೌದು. ಎರಡು ಸಲ."

ಅವನು ಮುಖದ ನೊರೆ ಒರೆಸಿಕೊಂಡು, ಒಂದು ಕಣ್ಣು ತೆರೆದು ಅವಳನ್ನು ನೋಡಿದ. "ಎರಡಲ್ಲ. ಹೊಡೆದ ಮೇಲೂ ಹೇಳಿದ್ದೆ. ಮೂರು."

"ಮೂರು," ಎಂದು ಒಪ್ಪಿಕೊಂಡು, ಅವಳು ಚೊಂಬಿನ ನೀರನ್ನು ನಿಧಾನವಾಗಿ ಅವನ ತಲೆಯ ಮೇಲೆ ಹುಯ್ದಳು.